ಹೋದ ತಿಂಗಳು ಹೂಂ ಅಂದಿದ್ದ ಯಂತ್ರ

"ಒಪ್ಕೊಂಡ್ಬಿಟ್ನಂತೆ ಅಕ್ಕಾ! ಬೆಂಕಿ ಹಚ್ಚಿದ್ದು ನಾನೇ ಅಂತ ಅಣ್ಣ ಒಪ್ಕೊಂಡ್ಬಿಟ್ನಂತೆ!"

"ಯಾರಂದ್ರು?"

"ವಕೀಲರು. ಈಗಷ್ಟೇ ಫೋನ್ ಇಟ್ರು. ಅದೂ ಹೇಗಂದ್ರು ಗೊತ್ತಾ, ನಿಮ್ ಪಾರ್ಸೆಲ್ ಬಂದಿದೆ ತಗೊಂಡ್ಹೋಗಿ ಅನ್ನೋ ಥರ!"

ಮೆಂಗ್ ಅಕ್ಕನ ಬಾಯಲ್ಲಿ ಚಹಾದಲ್ಲಿ ಬೇಯಿಸಿದ ಇಡೀ ಮೊಟ್ಟೆಯಿತ್ತು. ಅದನ್ನು ಸಾವಕಾಶವಾಗಿ ನುಂಗಿದಳು. ನನಗೆ ಅವಳ ಕಪಾಳಕ್ಕೆ ಎರಡು ಬಿಗಿಯೋಣ ಅನ್ನಿಸಿತು. ಆದರೆ ಅವಳು ನನ್ನ ದೊಡ್ಡಮ್ಮನ ಮಗಳು, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮೇಲಾಗಿ ಈ ಊರಿನಲ್ಲಿ ಅಣ್ಣ ನಿರಪರಾಧಿ ಎಂದು ನಂಬುವವರು ನಾನು ಬಿಟ್ಟರೆ ಅವಳೊಬ್ಬಳೇ. ವಿಮಾ ಕಂಪನಿಯಲ್ಲಿ ಅವಳ ಕೆಲಸವೇ ಸುಟ್ಟ ಅಂಗಡಿಗಳ ಬೂದಿ ಕೆದಕಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕಂಡುಹಿಡಿಯುವುದು.

"ಯಾವಾಗ ಸಹಿ?"

"ನಾಳೆ ಮಧ್ಯಾಹ್ನ. ಸರ್ಕಾರಿ ವಕೀಲರ ಮುಂದೆ ಹೇಳಿಕೆಗೆ ಸಹಿ ಹಾಕಿದ್ರೆ ಮುಗೀತಂತೆ. ಆ ಕಾವಲುಗಾರ ತಾತಂಗೇನಾದ್ರೂ ಆದ್ರೆ..."

ಬಿರುಗಾಳಿಗೆಂದು ಊರಿಗೇ ರಜೆ ಕೊಟ್ಟ ದಿನ ಬಾದೆ ರಸ್ತೆಯ ಕಂಪ್ಯೂಟರ್ ಅಂಗಡಿಯ ಗೋದಾಮು ಹೊತ್ತಿ ಉರಿದಿತ್ತು. ಒಳಗಿದ್ದ ಕಾವಲುಗಾರ ಚ್ಯೂ ತಾತನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಗೋದಾಮಿನ ಬೀಗದ ಕೈ ಇದ್ದದ್ದು ಅಲ್ಲೇ ಕೆಲಸ ಮಾಡುತ್ತಿದ್ದ ನನ್ನಣ್ಣ ಲಿಶ್ಯಾಂಗ್ ಹತ್ತಿರ.

ಅವತ್ತು ಅಣ್ಣ ಮನೆಯಲ್ಲೇ ಇದ್ದ! ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ, ಬಾಗಿಲು ಹಾಕಿಕೊಂಡು ಆಟ ಆಡುತ್ತಿದ್ದ. ಕೀಲಿಮಣೆ ಕುಟ್ಟುವ ಸದ್ದು, ಗೆದ್ದಾಗ ಹೋ ಅನ್ನುವ ಕೂಗು, ಎಲ್ಲಾ ನನಗೆ ಕೇಳಿಸಿತ್ತು. ಶುಂಠಿ ಎಳೆ ಉದುರಿಸಿದ ಬಿಸಿ ಕಡುಬಿನ ತಟ್ಟೆ ಬಾಗಿಲ ಹೊರಗಿಟ್ಟಿದ್ದೆ. ಆಮೇಲೆ ನೋಡಿದರೆ ತಟ್ಟೆ ತೊಳೆದಿಟ್ಟಷ್ಟು ಖಾಲಿ.

ಅಣ್ಣನ ಕಂಪ್ಯೂಟರ್ ಆಟವನ್ನೂ ಮಾತನ್ನೂ ತಾನಾಗಿಯೇ ದಾಖಲು ಮಾಡಿಕೊಳ್ಳುತ್ತದೆ. ಅದನ್ನು ನಾನೇ ವಕೀಲರಿಗೆ ಹೇಳಿದ್ದೆ. ಪೊಲೀಸರು ಮೊನ್ನೆ ಬಂದು ಡಿಸ್ಕಿನ ಪ್ರತಿ ತೆಗೆದುಕೊಂಡು ಹೋದರು. ಪ್ರತಿ ತೆಗೆದರೆ ಏನು ಬಂತು? ಡಿಸ್ಕಿಗೆ ಬೀಗ ಬಿದ್ದಿದೆ. ಯಂತ್ರ ಆನ್ ಮಾಡಿದರೆ ನೀಲಿ ಪರದೆ ಬಂದು ಉದ್ದನೆಯ ನಂಬರ್ ಕೇಳುತ್ತದೆ. ಅಣ್ಣನನ್ನು ಕೇಳಿದರೆ ಮರೆತೆ ಅನ್ನುತ್ತಾನೆ.

"ಡಿಸ್ಕನ್ನ ದೊಡ್ಡ ಲ್ಯಾಬಿಗೆ ಕಳಿಸ್ತಾರೆ, ಅಲ್ಲಿ ಹೇಗಾದ್ರೂ ತೆಗೀತಾರೆ ಅಂತ ವಕೀಲರು ಅವನಿಗೆ ಹೇಳಿದ್ದು ಯಾವಾಗ?" ಮೆಂಗ್ ಅಕ್ಕ ಕೇಳಿದಳು.

"ನಿನ್ನೆ."

"ಒಪ್ಕೊಂಡದ್ದು ಇವತ್ತು."

"ಅದಕ್ಕೇನೀಗ?"

"ಏನಿಲ್ಲ. ಇನ್ನೊಂದು ಮೊಟ್ಟೆ ಇದ್ಯಾ?"

ಅಣ್ಣನ ಯಂತ್ರ ಮೇಜಿನ ಕೆಳಗೆ ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಅದರಲ್ಲಿ ಅಂಗಡಿಯಿಂದ ಹೊಸದಾಗಿ ಬಂದದ್ದು ಒಂದೂ ಇಲ್ಲ. ಡಬ್ಬಿ ಪಕ್ಕದ ಮನೆಯವರು ಬಿಸಾಡಿದ್ದು. ಬೋರ್ಡು ಗುವಾಂಗ್‌ಹುವಾ ಮಾರುಕಟ್ಟೆಯ ಹಳೇ ಸಾಮಾನಿನ ರಾಶಿಯಿಂದ ಆರಿಸಿದ್ದು. ಫ್ಯಾನ್ ಮೂರು, ಮೂರಕ್ಕೂ ಮೂರು ಬಣ್ಣ. ಅಣ್ಣ ಪ್ರತಿಯೊಂದನ್ನೂ ಸ್ವಂತ ಕೈಯಿಂದ ಜೋಡಿಸಿದ್ದ. ಡಬ್ಬಿಯ ನೆತ್ತಿಯ ಮೇಲೆ ಎಲ್ಲರ ಯಂತ್ರದ ಮೇಲಿರುವ ಹಾಗೆ ಹಸಿರು 'ಜಾಣಮರಿ' ಪೊಟ್ಟಣ. ತೆಂಗಿನಕಾಯಿ ರುಚಿಯ ಜೋಳದ ಕುರುಕಲು. ಮೇಲಿಟ್ಟರೆ ಯಂತ್ರ ಕೈಕೊಡದೆ, ಹೆಸರಿಗೆ ತಕ್ಕ ಹಾಗೆ ಜಾಣಮರಿಯಾಗಿರುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಬ್ಯಾಂಕಿನವರೂ ಇಡುತ್ತಾರೆ, ಆಸ್ಪತ್ರೆಯವರೂ ಇಡುತ್ತಾರೆ. ಹಸಿರೇ ಆಗಬೇಕು. ತಾರೀಖು ಮುಗಿದಿರಬಾರದು.

"ನಿಮ್ಮಣ್ಣ ಈ ಯಂತ್ರ ಕೊನೇ ಸಲ ಬಿಚ್ಚಿದ್ದು ಯಾವಾಗ?"

"ಹೋದ ತಿಂಗಳು. ಹೊಸ ಆಪರೇಟಿಂಗ್ ಸಿಸ್ಟಂ ಇದ್ರಲ್ಲಿ ಓಡತ್ತಾ ಅಂತ ಪರೀಕ್ಷೆ ಮಾಡ್ತಿದ್ದ. ಹಳೇದು ನಿಲ್ಲಿಸ್ತಾರಲ್ಲ. ಮೊದಲು ಓಡಲ್ಲ ಅಂತ ಬಂತು. ಸೆಕ್ಯುರಿಟಿ ಚಿಪ್ ಇಲ್ಲ ಅಂತ. ಅಯ್ಯೋ, ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಅವನು. ಆಮೇಲೆ ಎಲ್ಲಿಂದಲೋ ಉಗುರಿನಷ್ಟು ಗಾತ್ರದ ಒಂದು ಕಾರ್ಡ್ ಹುಡುಕ್ಕೊಂಡು ಬಂದು ಚುಚ್ಚಿದ. ಹೂಂ, ಓಡತ್ತೆ ಅಂತು! ಆ ಖುಷಿಗೆ ಎಲ್ರಿಗೂ ಹಾಲಿನ ಟೀ ಕುಡಿಸ್ದ."

"ಕಾರ್ಡಿನ ಬಗ್ಗೆ ಇನ್ನೇನಾದ್ರೂ ಹೇಳಿದ್ನಾ?"

"ಇನ್ಮೇಲೆ ಡಿಸ್ಕಿನ ಬೀಗದ ಕೈಯೂ ಇದ್ರೊಳಗೇ ಇರತ್ತೆ, ಕಳ್ಳ ಬಂದ್ರೂ ಏನೂ ಸಿಗಲ್ಲ ಅಂದ..."

ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಮೆಂಗ್ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಇದನ್ನ ಮೊದಲೇ ಹೇಳ್ಬಾರದಾ ತಾಯಿ?"

"ನೀನು ಕೇಳ್ಲಿಲ್ಲ!"

"ಬಿರುಗಾಳಿಯಂತೆ ಮಾತಾಡ್ತೀಯ. ಬೇಕಾದ್ದೊಂದು ಬಿಟ್ಟು ಇನ್ನೆಲ್ಲಾ ಹಾರಿಸ್ಕೊಂಡ್ ಬರ್ತೀಯ." ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಸುಟ್ಟ ಅಂಗಡಿಗಳ ಕಂಪ್ಯೂಟರುಗಳನ್ನೂ ಎಬ್ಬಿಸುವಂಥ ಪೆನ್‌ಡ್ರೈವ್ ಅದು. "ನಿಮ್ಮಣ್ಣ ಮಾಡಿದ ಪರೀಕ್ಷೆಯನ್ನೇ ನಾವು ಇನ್ನೊಂದು ಸಲ ಮಾಡೋಣ."

"ಈಗಾ? ಅಣ್ಣ ಜೈಲಿಗೆ ಹೋಗ್ತಿದಾನೆ, ನಿನಗೆ ಹೊಸ ಸಿಸ್ಟಂ ಚಿಂತೆನಾ?"

ಅವಳು ಡಿಸ್ಕಿನ ತಂಟೆಗೆ ಹೋಗದೆ ಪೆನ್‌ಡ್ರೈವ್‌ನಿಂದಲೇ ಯಂತ್ರ ಶುರು ಮಾಡಿದಳು. ಫ್ಯಾನುಗಳು ಗುಂಯ್ ಅಂದವು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡತೊಡಗಿದವು.

ಪ್ರೊಸೆಸರ್, ಸರಿ. ಮೆಮೊರಿ, ಸರಿ. ಜಾಗ, ಸರಿ.

ಕೊನೆಯದರ ಮುಂದೆ ಕೆಂಪು ಗುರುತು. ಸೆಕ್ಯುರಿಟಿ ಚಿಪ್ ಕಾಣಿಸುತ್ತಿಲ್ಲ. ಈ ಯಂತ್ರದಲ್ಲಿ ಹೊಸ ಸಿಸ್ಟಂ ಓಡುವುದಿಲ್ಲ.

"ಹೋದ ತಿಂಗಳು ಹೂಂ ಅಂದಿತ್ತು, ಈಗ ಊಹೂಂ ಅಂತಿದೆ," ಎಂದಳು ಮೆಂಗ್ ಅಕ್ಕ. "ಮನುಷ್ಯರಾದ್ರೆ ಮನಸ್ಸು ಬದಲಾಯ್ತು ಅನ್ನಬಹುದು. ಇದಕ್ಕೆಲ್ಲಿದೆ ಮನಸ್ಸು? ಆಗ ಹೂಂ ಅಂದಿದ್ದು ಗ್ಯಾರಂಟಿನಾ?"

ನಾನು ಫೋನಿನಲ್ಲಿ ತಡಕಾಡಿದೆ. ಬೆಕ್ಕಿನದು, ಹಾಲಿನ ಟೀಯದು, ನನ್ನ ಹೊಸ ಚಪ್ಪಲಿಯದು, ನೂರಾರು ಫೋಟೋಗಳ ಮಧ್ಯೆ ಕೊನೆಗೂ ಸಿಕ್ಕಿತು. ಅಣ್ಣ ಎರಡು ಬೆರಳೆತ್ತಿ ಹಲ್ಲು ಕಿರಿದಿದ್ದಾನೆ. ಹಿಂದೆ ಪರದೆಯ ಮೇಲೆ ನಾಲ್ಕೂ ಹಸಿರು ಗುರುತು.

ಮೆಂಗ್ ಅಕ್ಕ ಸ್ಕ್ರೂಡ್ರೈವರ್ ತಿರುಗಿಸಿ ಡಬ್ಬಿಯ ಪಕ್ಕದ ತಗಡು ತೆಗೆದಳು. ಒಳಗೆಲ್ಲಾ ತೆಳ್ಳಗೆ ಧೂಳು ಕೂತಿತ್ತು. ಬೋರ್ಡಿನ ಅಂಚಿನಲ್ಲಿ ಪುಟಾಣಿ ಪಿನ್ನುಗಳ ಒಂದು ಸಾಲು ಬೋಳಾಗಿ ನಿಂತಿತ್ತು. ಅದರ ಪಕ್ಕ ಉಗುರಿನಷ್ಟು ಜಾಗದಲ್ಲಿ ಮಾತ್ರ ಧೂಳಿಲ್ಲ. ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು.

"ಯಾರೋ ಬೀಗದ ಕೈ ಕಿತ್ತುಕೊಂಡು ಹೋಗಿದಾರೆ," ಅಂದಳು. "ಪೊಲೀಸರು ಬರೋಕೆ ಮುಂಚೆ."

ನಾನು ಕುಣಿಯುವುದೊಂದು ಬಾಕಿ. "ಅಂದ್ರೆ ಆ ಕಾರ್ಡ್ ಸಿಕ್ಕಿದ್ರೆ ಡಿಸ್ಕ್ ತೆರ್ಕೊಳ್ಳತ್ತೆ! ಅಣ್ಣ ಆಚೆ ಬರ್ತಾನೆ!"

"ಸಿಕ್ಕಿದ್ರೆ. ಅದು ಬಿಸ್ಕತ್ತಿಗಿಂತ ಮೆದು. ಯಾರಾದ್ರೂ ಬೆರಳಲ್ಲಿ ಲಟಕ್ ಅನಿಸಿದ್ರೆ ಆ ಡಿಸ್ಕು ಇಟ್ಟಿಗೆಗೆ ಸಮ."

ಕುಣಿತ ಅಲ್ಲಿಗೇ ನಿಂತಿತು.

ಮೆಂಗ್ ಅಕ್ಕ ನನ್ನ ಫೋನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಫೋಟೋ ದೊಡ್ಡದು ಮಾಡಿದಳು. ಅಣ್ಣನ ಮೊಣಕೈ ಪಕ್ಕದಲ್ಲಿ ಹಸಿರು ಪೊಟ್ಟಣ. ಅದರ ಮೇಲೆ ಅಣ್ಣನ ದಪ್ಪ ಮಾರ್ಕರ್ ಅಕ್ಷರ: 'ಜಾಣನಾಗಿರು, ಇಲ್ಲಾಂದ್ರೆ ಗುಜರಿಗೆ!'

ಇಬ್ಬರೂ ಒಟ್ಟಿಗೇ ತಲೆಯೆತ್ತಿ ಡಬ್ಬಿಯ ಮೇಲಿನ ಪೊಟ್ಟಣ ನೋಡಿದೆವು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ನಾನು ಎತ್ತಿಕೊಂಡೆ. ತಾರೀಖು ಬರುವ ವರ್ಷದ್ದು. ಮೇಲಿನ ಮೂಲೆಯಲ್ಲಿ ಸಣ್ಣದೊಂದು ತೂತು. ಬೆರಳಿಟ್ಟು ಉಜ್ಜಿದೆ, ಬೆರಳ ತುದಿ ಗುಲಾಬಿ ಬಣ್ಣವಾಯಿತು.

"ಫಾನ್ ಯಜಮಾನ್ರು!" ಎಂದು ಕಿರುಚಿದೆ.

"ಮೆಲ್ಲಗೆ. ಯಾರದು?"

"ಅಂಗಡಿ ಓನರ್. ಏಳನೇ ತಿಂಗಳಲ್ಲಿ ಅಂಗಡಿ ಮುಂದೆ ಪ್ರೇತಗಳಿಗೆ ಎಡೆ ಇಡ್ತಾರಲ್ಲ, ಅವಾಗ ಬೇರೆಯವ್ರೆಲ್ಲ ಊದುಬತ್ತೀನ ಪೊಟ್ಟಣಗಳ ಸಂದೀಲಿ ಸಿಗಿಸ್ತಾರೆ. ಇವ್ರು ಒಂದೊಂದು ಪೊಟ್ಟಣಕ್ಕೂ ತೂತು ಮಾಡಿ ಒಂದೊಂದು ಕಡ್ಡಿ ಚುಚ್ತಾರೆ. ಕಡ್ಡಿ ಬುಡದ ಬಣ್ಣ ಇದು! ಎಡೆ ಮುಗಿದ್ಮೇಲೆ ಕೆಲಸದವ್ರಿಗೆ ಹಂಚ್ತಾರೆ. ಹೋದ ವರ್ಷ ಅಣ್ಣ ತಂದಿದ್ದ, ಗಾಳಿ ಹೋಗಿ ಮೆತ್ತಗಾಗಿತ್ತು, ಥೂ."

"ಹೋದ ವರ್ಷದ್ದಾದ್ರೆ ಇಷ್ಟೊತ್ತಿಗೆ ತಾರೀಖು ಮುಗಿದಿರ್ಬೇಕು," ಎಂದಳು ನಿಧಾನವಾಗಿ. "ಇದು ಈ ವರ್ಷದ್ದು. ಈ ವರ್ಷ ಎಡೆ ಇಟ್ಟಿದ್ದು..."

"ಅಣ್ಣನ್ನ ಪೊಲೀಸರು ಕರ್ಕೊಂಡ್ ಹೋದ್ಮೇಲೆ."



ಅಷ್ಟರಲ್ಲಿ ಬಾಗಿಲು ಸರಿಯಿತು. ಅಮ್ಮ ತಟ್ಟೆ ಹಿಡಿದು ಬಂದಳು. ಬೆಳಗಿನ ತಿಂಡಿಯ ಅಂಗಡಿ ಮುಚ್ಚಿ ಬಂದು ಸ್ನಾನ ಮಾಡಿದ್ದಳು, ಆದರೂ ಮೈಯಿಂದ ಮೊಟ್ಟೆ ರೊಟ್ಟಿಯ ಎಣ್ಣೆ ವಾಸನೆ ಹೋಗಿರಲಿಲ್ಲ. ಅಣ್ಣ ಒಪ್ಪಿಕೊಂಡ ಸುದ್ದಿ ಕೇಳಿ ಅವಳು ಅತ್ತಿರಲಿಲ್ಲ. ಚಕ್ಕೋತ ಸುಲಿಯುತ್ತಾ ಕೂತಿದ್ದಳು.

"ತಿನ್ನಿ. ಹೊಟ್ಟೆ ಖಾಲಿ ಇದ್ರೆ ತಲೆ ಓಡಲ್ಲ."

"ಅಮ್ಮಾ, ಅಣ್ಣ ಹೋದ್ಮೇಲೆ ಈ ರೂಮಿಗೆ ಯಾರಾದ್ರೂ ಬಂದಿದ್ರಾ?"

"ಪೊಲೀಸರು ಬಿಟ್ರೆ ಯಾರೂ ಇಲ್ಲ."

"ಸರಿಯಾಗಿ ನೆನಪು ಮಾಡ್ಕೊ."

"ಮಧ್ಯಾಹ್ನದ ಮೇಲೆ ನಾನು ಮನೇಲೇ ಇರ್ತೀನಲ್ಲ. ನನ್ನ ಕಣ್ಣು ತಪ್ಪಿಸಿ ಯಾರು ಬರ್ತಾರೆ?" ಅಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಡಬ್ಬಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಅದು ಯಾವಾಗಲೂ ಅಲ್ಲೇ ಇತ್ತು ಅನ್ನುವ ಹಾಗೆ.

ಅಮ್ಮ ಹೋದ ಮೇಲೆ ನಾನು ಚಕ್ಕೋತದ ಒಂದು ತೊಳೆ ಗಬಕ್ಕನೆ ನುಂಗಿದೆ, ಮೆಂಗ್ ಅಕ್ಕ ಇನ್ನೊಂದನ್ನು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಜಗಿದಳು.

"ಸಿಹಿಯಾಗಿದೆ. ಎಲ್ಲಿದು?"

"ನಂಗೇನ್ ಗೊತ್ತು. ಅಕ್ಕಾ, ನಡಿ, ಅಂಗಡಿಗೆ ಹೋಗೋಣ! ಈಗಲೇ!"

"ಹೋಗೋಣ. ಆದ್ರೆ ಒಂದು ಮಾತು. ನಿನಗೆ ಬೇಡದ ಉತ್ತರ ಬಂದ್ರೂ ಕೇಳಿಸ್ಕೊಳ್ತೀಯಾ?"

"ಅಣ್ಣ ಮನೆಗೆ ಬಂದ್ರೆ ಸಾಕು ನಂಗೆ."

ಅವಳು ಹೆಲ್ಮೆಟ್ ಎತ್ತಿಕೊಂಡಳು. ಪೊಟ್ಟಣವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಸೇತುವೆಯ ಮೇಲೆ ಸ್ಕೂಟರುಗಳ ಜಾತ್ರೆ. ಮೆಂಗ್ ಅಕ್ಕನ ಬೆನ್ನಿಗೆ ಹಣೆ ಒತ್ತಿ ಕೂತಿದ್ದೆ. ಕಾರ್ಡ್ ಇನ್ನೂ ಇರಲಿ, ಯಾರೂ ಮುರಿಯದೇ ಇರಲಿ ಎಂದು ಗೊತ್ತಿರುವ ದೇವರಿಗೆಲ್ಲಾ ಹರಕೆ ಹೊತ್ತೆ. ಗೊತ್ತಿಲ್ಲದ ಒಂದಿಬ್ಬರಿಗೂ ಹೊತ್ತೆ.

ಅಂಗಡಿಯ ಹಿಂದಿನ ಗೋದಾಮಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಬರುತ್ತಿತ್ತು. ಮುಂದೆ ಮಾತ್ರ ವ್ಯಾಪಾರ ಜೋರು. ಬಾಗಿಲಿಗೇ ಬೋರ್ಡು ನೇತುಹಾಕಿದ್ದರು: 'ನಿಮ್ಮ ಕಂಪ್ಯೂಟರ್ ಹೊಸ ಸಿಸ್ಟಂ ಓಡಿಸುತ್ತದೆಯೇ? ಪರೀಕ್ಷೆ ಉಚಿತ!' ರಿಪೇರಿ ಮೇಜಿನ ಹಿಂದೆ ಅಣ್ಣನ ಗೆಳೆಯ ಆಡೌ ಕೂತಿದ್ದ. ಸುತ್ತ ಬಿಚ್ಚಿದ ಯಂತ್ರಗಳು, ಒಂದೊಂದರ ಮೇಲೂ ಮೂಲೆ ತೂತಾದ ಹಸಿರು ಪೊಟ್ಟಣ.

"ಓಹೋ, ಲಿಶ್ಯಾಂಗ್ ತಂಗಿ! ಬಾ ಮರಿ, ಏನಾದ್ರೂ ಗೊತ್ತಾಯ್ತಾ ಅಣ್ಣನ ವಿಷಯ?" ನಗಲು ನೋಡಿದ. ಕಣ್ಣ ಸುತ್ತ ಕಪ್ಪಾಗಿತ್ತು.

"ಒಂದು ಯಂತ್ರ ಹೊಸ ಸಿಸ್ಟಂ ಓಡಿಸತ್ತಾ ಅಂತ ನೋಡ್ಬೇಕಿತ್ತು," ಎಂದಳು ಮೆಂಗ್ ಅಕ್ಕ.

"ಅದಕ್ಕೇನಂತೆ ಮೇಡಂ. ಯಾವ ಬೋರ್ಡು?"

"ನೀನೇ ಬಿಚ್ಚಿದ್ಯಲ್ಲಪ್ಪ, ಅದೇ."

ಆಡೌನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಅವಳು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ಇದು... ಎಲ್ಲಾ ಅಂಗಡೀಲೂ ಸಿಗತ್ತೆ ಮೇಡಂ."

"ಗುಲಾಬಿ ತೂತು ಸಮೇತ?"

"ಇಲ್ಲಿ ಕೆಲಸ ಮಾಡೋರು ಏಳೆಂಟು ಜನ ಇದೀವಿ. ಯಾರಾದ್ರೂ ಆಗಿರ್ಬಹುದು."

ಅವನು ಕಾಲಿನಿಂದ ಏನನ್ನೋ ಮೇಜಿನಡಿಗೆ ತಳ್ಳಿದ. ನಾನು ಬಗ್ಗಿ ನೋಡಿದೆ. ರಟ್ಟಿನ ಪೆಟ್ಟಿಗೆ, ತುಂಬ ಚಕ್ಕೋತ. ಪೆಟ್ಟಿಗೆಯ ಮೇಲೆ ಮಾದೋ ಊರಿನ ಹೆಸರು. ಆಡೌನ ಅಪ್ಪನ ತೋಟ ಇರುವುದು ಅಲ್ಲೇ. ಪ್ರತಿ ವರ್ಷ ಮೊದಲ ಕೊಯ್ಲು ನಮ್ಮನೆಗೂ ಬರುತ್ತದೆ, ಇವನೇ ತಂದುಕೊಡುತ್ತಾನೆ. ನನ್ನ ನಾಲಿಗೆಯ ಮೇಲಿನ ಸಿಹಿ ಅಷ್ಟೂ ಕಹಿಯಾಯಿತು.

"ನೀನು ನಮ್ಮನೆಗೆ ಬಂದಿದ್ದೆ," ಎಂದೆ. "ಚಕ್ಕೋತ ತಗೊಂಡು ಬಂದಿದ್ದೆ. ಅಣ್ಣನ ಕಾರ್ಡ್ ಕದ್ದೆ!"

"ಕದೀಲಿಲ್ಲ!"

"ಅವನು ನಿನಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ಕೊಂಡ್ ಆಸ್ಪತ್ರೆಗೆ ಹೋಗಿದ್ದ ಕಣೋ! ನಾಳೆ ಅವನು ಸಹಿ ಹಾಕ್ತಾನೆ, ಗೊತ್ತಾ? ನೀನಿಲ್ಲಿ ಸ್ಕ್ರೂ ತಿರುಗಿಸ್ತಾ ಕೂತಿರ್ತೀಯ!"

ಗಿರಾಕಿಗಳು ತಿರುಗಿ ನೋಡಿದರು. ನೋಡಲಿ. ನನ್ನ ಮೂಗಿನಿಂದ, ಕಣ್ಣಿನಿಂದ, ಎಲ್ಲೆಲ್ಲಿಂದಲೋ ನೀರು ಸುರಿಯುತ್ತಿತ್ತು.

"ಒಂದೇ ಪ್ರಶ್ನೆ," ಎಂದಳು ಮೆಂಗ್ ಅಕ್ಕ, ಬೇಸರವಾಗಿದೆಯೋ ಎಂಬಷ್ಟು ಮೃದುವಾಗಿ. "ಕದಿಯೋಕೆ ಬಂದವನು ಕಾರ್ಡ್ ಕಿತ್ಕೊಂಡು ಓಡ್ಬೇಕಿತ್ತು. ಹೊಸ ಪೊಟ್ಟಣ ಯಾಕಪ್ಪಾ ಇಟ್ಟೆ?"

ಆಡೌ ತಲೆ ತಗ್ಗಿಸಿದ.

"ಹಳೇದರ ತಾರೀಖು ಮುಗಿದಿತ್ತು ಮೇಡಂ. ಮುಗಿದಿರೋ ಪೊಟ್ಟಣಾನ ಅವನ ಯಂತ್ರದ ಮೇಲೆ ಹೇಗೆ ಬಿಟ್ಟು ಬರ್ಲಿ? ಅದೂ ಅವನಿಗೆ ಇಂಥ ಗ್ರಹಚಾರ ಇರೋವಾಗ. ಚೀಲದಲ್ಲಿ ಒಂದಿತ್ತು. ಇಟ್ಟೆ. ಕೈ ತಾನಾಗೇ ಇಡ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಡಿಸ್ಕನ್ನೇ ಯಾಕೆ ತೆಗೀಲಿಲ್ಲ?"

"ಡಿಸ್ಕ್ ಇಲ್ಲಾಂದ್ರೆ ಪೊಲೀಸರು ಹುಡುಕ್ತಾರೆ. ಬೀಗ ಬಿದ್ದಿದ್ರೆ ಲಿಶ್ಯಾಂಗೇ ಹಾಕಿರ್ತಾನೆ ಅನ್ಕೋತಾರೆ. ಆಮೇಲೆ ಬೇಕಂದ್ರೆ ಕಾರ್ಡ್ ವಾಪಸ್ ಚುಚ್ಚಬಹುದು, ಎಲ್ಲಾ ಇದ್ದಂಗೇ ಇರತ್ತೆ. ಹಾಳು ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ ಮೇಡಂ, ಆಣೆಗೂ."

"ಕೊಡು!" ನಾನು ಕೈ ಚಾಚಿದೆ. "ಕಾರ್ಡ್ ಕೊಡು, ಸಾಕು. ಯಾರಿಗೂ ಹೇಳಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಕೊಡೋ."

"ನನ್ನ ಹತ್ರ ಇಲ್ಲ."

"ಯಾರ ಹತ್ರ ಇದೆ? ಫಾನ್ ಯಜಮಾನರ ಹತ್ರಾನಾ?"

ಆಡೌ ನನ್ನನ್ನು ನೋಡಲಿಲ್ಲ. ಮೆಂಗ್ ಅಕ್ಕನನ್ನು ನೋಡಿದ. ಅವಳು ಕಣ್ಣು ಮುಚ್ಚಿಕೊಂಡಳು. ಆ ಉತ್ತರ ಅವಳಿಗೆ ಚಕ್ಕೋತ ಜಗಿಯುವಾಗಲೇ ಗೊತ್ತಾಗಿತ್ತು ಅಂತ ನನಗೆ ಹೊಳೆದದ್ದು ಆಗ.

"ಬಾಗಿಲು ತೆಗೆದದ್ದು ಯಾರು ಅಂತ ಕೇಳು, ರುವಾನ್," ಎಂದಳು.

ನಾನು ಕೇಳುವ ಮೊದಲೇ ಆಡೌ ತಾನಾಗಿಯೇ ಹೇಳಿದ.

"ನಿಮ್ಮಮ್ಮನೇ ನನ್ನ ಕರೆಸಿದ್ದು. ಆಗಲ್ಲ ಆಂಟೀ, ತಪ್ಪಾಗತ್ತೆ ಅಂದೆ. ಅವ್ರು... ಅಡುಗೆಮನೇಲಿ ನನ್ನ ಮುಂದೆ ಮಂಡಿಯೂರಿ ಕೂತ್ಬಿಟ್ರು ಕಣೆ. ನನ್ನ ಅಮ್ಮನ ವಯಸ್ಸಿನೋರು. ನಾನೇನ್ ಮಾಡ್ಲಿ? ಕಿತ್ತು ಅವ್ರ ಕೈಗೇ ಕೊಟ್ಟೆ. ಯಾಕೆ ಅಂತ ಕೇಳ್ಲಿಲ್ಲ."

ನಾನು ಹೊರಗೆ ಓಡಿ ಬಂದು ಮನೆಗೆ ಫೋನ್ ಮಾಡಿದೆ. ಬಡಿದುಕೊಂಡಿತು, ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಅಮ್ಮನ ಮೊಬೈಲಿಗೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು. ಹಿಂದೆ ಎಲ್ಲೋ ಬಸ್ಸಿನ ಸದ್ದು.

"ಆಡೌ ಹತ್ರ ಹೋಗಿದ್ಯಾ?" ಅಮ್ಮನೇ ಕೇಳಿದಳು.

"ಅಮ್ಮಾ! ಕಾರ್ಡ್ ಎಲ್ಲಿ? ಮುರಿದು ಹಾಕಿಲ್ಲ ತಾನೇ? ಹೇಳಮ್ಮಾ!"

"ಇದೆ. ಕೈಯಲ್ಲೇ ಇದೆ. ಮುರೀಬೇಕು ಅಂತ ದಿನಾ ತೆಗೀತೀನಿ. ಆಗಲ್ಲ."

"ಅದನ್ನ ಚುಚ್ಚಿದ್ರೆ ಅಣ್ಣ ಮನೇಲಿದ್ದ ಅನ್ನೋದಕ್ಕೆ ಸಾಕ್ಷಿ ಸಿಗತ್ತೆ ಅಮ್ಮಾ. ಅವನು ಆಡ್ತಿರೋದಿದೆ, ಮಾತಾಡಿರೋದಿದೆ! ನಿನಗೆ ಅವನು ಬೇಡ್ವಾ?"



"ನೀನು ಕೇಳಿಸ್ಕೊಂಡಿದ್ದು ಬಾಗಿಲಾಚೆಯಿಂದ ರುವಾನ್. ಒಳಗೆ ನೋಡ್ಲಿಲ್ಲ."

"ನೋಡೋದೇನಿದೆ? ನಾನಿಟ್ಟ ಕಡುಬು..."

ಅಣ್ಣ ಹುಟ್ಟಿದಾಗಿನಿಂದ ಶುಂಠಿ ತಿಂದವನಲ್ಲ. ಒಂದೊಂದು ಎಳೆಯನ್ನೂ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾನೆ. ಅದಕ್ಕಾಗಿ ನನ್ನ ಹತ್ತಿರ ಎಷ್ಟು ಸಲ ಬೈಸಿಕೊಂಡಿದ್ದಾನೆ. ಅವತ್ತು ತಟ್ಟೆ ತೊಳೆದಿಟ್ಟಷ್ಟು ಖಾಲಿಯಾಗಿತ್ತು.

"ಅಮ್ಮಾ," ಎಂದೆ. "ಆ ಕುರ್ಚೀಲಿ ಕೂತಿದ್ದೋರು ಯಾರು?"

"ಫೋನಲ್ಲಿ ಬೇಡ. ನಾಳೆ ಬೆಳಿಗ್ಗೆ ನಮ್ಮ ತಿಂಡಿ ಅಂಗಡಿಗೆ ಬಾ. ಒಲೆ ಹಚ್ಚೋಕೆ ಮುಂಚೆ, ಹಿಂದಿನ ಬಾಗಿಲಿಂದ. ಮೆಂಗ್ ಬೇಡ, ನೀನೊಬ್ಬಳೇ ಬಾ. ಕಾರ್ಡ್ ತರ್ತೀನಿ. ಮುರಿಯೋದೋ ಕೊಡೋದೋ ನೀನೇ ಹೇಳುವಂತೆ."

"ಅಮ್ಮಾ, ಇಡ್ಬೇಡ..."

"ಮೂರು ಜನಕ್ಕೆ ಆಗೋಷ್ಟು ಸೋಯಾ ಹಾಲು ಕಾಯಿಸಿರ್ತೀನಿ," ಎಂದಳು ಅಮ್ಮ. "ಆ ಕುರ್ಚೀಲಿ ಕೂತಿದ್ದವನೂ ಬರ್ತಾನೆ."